ಮೂವರು ಮ್ಯಾನೇಜರರು, ಒಬ್ಬ ಗೋಲ್‌ಕೀಪರ್

ಅರವತ್ತರ ದಶಕದ ಮೊದಲಲ್ಲಿ ನಾನು ಧಾರವಾಡದಿಂದ ಮದುವೆಯಾಗಿ ಬರೋಡಾಕ್ಕೆ ಬಂದಾಗ, ನಮ್ಮ ಮನೆಯವರು ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು ಎಂದಷ್ಟೇ ನನಗೆ ಗೊತ್ತಿತ್ತು. ಕಾಲೋನಿಯ ಫುಟ್ಬಾಲ್ ಕ್ಲಬ್ಬಿಗೆ ಗೋಲ್‌ಕೀಪರ್ ಎಂಬುದನ್ನು ಸಂಬಂಧ ತಂದವರು ಯಾರೂ ಹೇಳಿರಲಿಲ್ಲ. ಮೊದಲ ಭಾನುವಾರ ಸಂಜೆ ಮೈತುಂಬ ಮಣ್ಣು ಮೆತ್ತಿಕೊಂಡು, ಮೊಣಕೈ ತರಚಿಕೊಂಡು ಬಾಗಿಲಲ್ಲಿ ನಿಂತರು. ನಾನು ಹೌಹಾರಿದೆ.

"ಯಾರ ಜೋಡಿ ಜಗಳಾಡಿ ಬಂದ್ರಿ?"

"ಜಗಳ ಅಲ್ಲ, ಗೆದ್ದು ಬಂದೀವಿ," ಎಂದು ಹಲ್ಲುಬಿಟ್ಟು ನಕ್ಕರು. ಮದುವೆಯಲ್ಲೂ ಅಷ್ಟು ನಕ್ಕಿರಲಿಲ್ಲ.

ಆಗ ಕ್ಲಬ್ಬಿನ ಮ್ಯಾನೇಜರು ಒಬ್ಬ ಪಾರ್ಸಿ ಹಿರಿಯರು, ನಿವೃತ್ತ ಎಂಜಿನ್ ಡ್ರೈವರ್. ಎಂಜಿನ್ ಓಡಿಸಿದ ಹಾಗೆಯೇ ತಂಡವನ್ನೂ ಓಡಿಸುತ್ತಿದ್ದರು. ಬೆಳಕು ಹರಿಯುವಾಗ ಮೈದಾನದಲ್ಲಿ ಅವರ ಸೀಟಿ ಕೇಳಿಸಬೇಕು, ಕೇಳಿಸಿದಾಗ ಹುಡುಗರೆಲ್ಲ ಸಾಲಾಗಿ ನಿಂತಿರಬೇಕು. ಬೂಟಿಗೆ ಪಾಲಿಶ್ ಇಲ್ಲದವನು ಆ ದಿನ ಹೊರಗೆ. ಚೆಂಡು ಸಿಕ್ಕ ಕೂಡಲೇ ಆಕಾಶಕ್ಕೆ ಒದೆಯಬೇಕು, ಅದರ ಹಿಂದೆ ಎಲ್ಲರೂ ಓಡಬೇಕು. ಅವರ ಆಟದ ಗುಟ್ಟು ಇಷ್ಟೇ. ನಮ್ಮವರಿಗೆ ದಿನಾ ಹಸಿ ಮೊಟ್ಟೆ ನುಂಗು ಅಂತ ಗಂಟುಬಿದ್ದಿದ್ದರು. ಶುದ್ಧ ಸಸ್ಯಾಹಾರಿ ಮನೆ ನಮ್ಮದು. ಕೊನೆಗೆ ಶೇಂಗಾ ಬೆಲ್ಲಕ್ಕೆ ರಾಜಿಯಾದರು. ನನ್ನನ್ನು "ದೀಕ್ರಿ" ಎಂದು ಮಗಳಂತೆ ಕರೆಯುತ್ತಿದ್ದರು. ಆದರೆ ಮೈದಾನದ ಹತ್ತಿರ ಹೆಂಗಸರು ಸುಳಿಯುವಂತಿರಲಿಲ್ಲ. ಆಟಗಾರರ ಲಕ್ಷ್ಯ ತಪ್ಪುತ್ತದಂತೆ! ಹೀಗಾಗಿ ಒಣಗಿಸಲು ಬಟ್ಟೆ ಇದ್ದರೂ ಇಲ್ಲದಿದ್ದರೂ ನಾನು ಭಾನುವಾರ ಮಾಳಿಗೆ ಹತ್ತುತ್ತಿದ್ದೆ. ಬೇವಿನ ಮರದ ಸಂದಿಯಿಂದ ಒಂದೇ ಗೋಲು ಕಾಣುತ್ತಿತ್ತು. ನಮ್ಮವರು ಆ ಕಡೆ ನಿಂತ ಅರ್ಧ ಆಟವನ್ನಷ್ಟೇ ನಾನು ನೋಡಿದ್ದು.

ಮೊಣಕಾಲು ನೋವು ಹೆಚ್ಚಾಗಿ ಪಾರ್ಸಿ ಸಾಹೇಬರು ಬಿಟ್ಟ ಮೇಲೆ, ಡ್ರಾಯಿಂಗ್ ಆಫೀಸಿನ ಬಂಗಾಳಿ ಬಾಬು ಮ್ಯಾನೇಜರಾದರು. ಸಣ್ಣ ಆಳು, ದಪ್ಪ ಕನ್ನಡಕ, ಮೆಲ್ಲಗಿನ ಮಾತು. ಚೆಂಡು ನೆಲ ಬಿಟ್ಟು ಏಳಕೂಡದು ಎಂಬುದು ಇವರ ಹಟ. ಕಾಲಿಂದ ಕಾಲಿಗೆ, ಕಾಲಿಂದ ಕಾಲಿಗೆ. ಒಂದು ಸಂಜೆ ನಮ್ಮ ಮನೆಗೆ ಬಂದು, "ಬೌದಿ, ಸ್ವಲ್ಪ ಬಟಾಟೆ ಕೊಡ್ತೀರಾ?" ಅಂದರು. ಬೌದಿ ಎಂದರೆ ಅವರಲ್ಲಿ ಅತ್ತಿಗೆ. ಅಡಿಗೆಗೆ ಬೇಕೇನೋ ಎಂದು ನಾನು ಬುಟ್ಟಿಯನ್ನೇ ಕೊಟ್ಟೆ. ಬಟಾಟೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಇವರು ನಮ್ಮ ಹುಡುಗರು ಎಂದರು, ಬದನೆಕಾಯಿಗಳನ್ನು ಎದುರಿಗಿಟ್ಟು ಅವರು ಸೂರತ್ತಿನವರು ಎಂದರು. ಒಂದು ನಿಂಬೆಹಣ್ಣನ್ನು ಬಟಾಟೆಯಿಂದ ಬಟಾಟೆಗೆ ಉರುಳಿಸುತ್ತ ಕತ್ತಲಾಗುವವರೆಗೆ ಕೂತರು. ನಮ್ಮವರು ಕೂಡ ಎದುರಿಗೆ ಮಂಡಿಯೂರಿ ಕೂತಿದ್ದರು.

"ಈಗ ಒಲಿ ಹಚ್ಚಲೋ ಬ್ಯಾಡೋ?" ಎಂದು ಕೇಳಿದೆ.

"ತಡಿ ಮಾರಾಯ್ತಿ, ಬದನಿಕಾಯಿ ಗೋಲ್ ಹೊಡೀಲಿಕ್ಕೆ ಹತ್ತೇದ," ಅಂದರು ನಮ್ಮವರು.

ಆ ಸೂರತ್ ಪಂದ್ಯಕ್ಕೆ ಬಾಬು ಆಟಗಾರರ ಮನೆಮಂದಿಯನ್ನೂ ಕರೆದುಕೊಂಡು ಹೋದರು. ಹೆಂಗಸರು ಬರಬಹುದು, ಆದರೆ ಆಟ ನಡೆಯುವಾಗ ಮಾತಾಡಕೂಡದು ಎಂಬುದೊಂದೇ ಕರಾರು. ತುಟಿ ಬಿಗಿಹಿಡಿದು ಕೂತೆ. ಬಟಾಟೆಗಳು ಗೆದ್ದವು. ಆಟ ಮುಗಿದ ಮೇಲೆ ತಾಪಿ ನದಿಯ ಹತ್ತಿರ ಎಳೆಯ ಜೋಳದ ತೆನೆ ಸುಟ್ಟು ಬಡಿದು ಮಾರುತ್ತಿದ್ದರು. ಅವರು ಅದಕ್ಕೆ ಪೋಂಕ್ ಅನ್ನುತ್ತಾರೆ. ಬಾಯಿಗೆ ಹಾಕಿಕೊಂಡ ಕೂಡಲೇ, "ಅಯ್ಯ, ಇದು ನಮ್ಮ ಸೀತನಿ!" ಎಂದು ಕೂಗಿದೆ. ಅಷ್ಟು ಹೊತ್ತು ತಡೆದಿಟ್ಟ ಮಾತೆಲ್ಲ ಒಮ್ಮೆಲೇ ಹೊರಬಂತು. ನಮ್ಮ ಹೊಲದ ಸೀತನಿಯ ಸುದ್ದಿಯನ್ನು ಬರೋಡಾ ಬರುವವರೆಗೂ ರೈಲಿನ ಡಬ್ಬಿಯಲ್ಲಿದ್ದವರಿಗೆಲ್ಲ ನನ್ನ ಹರಕುಮುರುಕು ಹಿಂದಿಯಲ್ಲಿ ಹೇಳಿದೆ. ಬಾಬು ಕನ್ನಡಕ ಒರೆಸಿಕೊಳ್ಳುತ್ತ ಸಹಿಸಿಕೊಂಡರು.

ಅವರಿಗೆ ಆಫೀಸಿನಲ್ಲಿ ದೊಡ್ಡ ಹುದ್ದೆ ಬಂದು ಪುರುಸೊತ್ತು ಇಲ್ಲದಾದಾಗ, ಮೂರನೆಯ ಮ್ಯಾನೇಜರು ಬಂದರು. ಗುಜರಾತಿ ಟಿಕೆಟ್ ಪರೀಕ್ಷಕರು, ಅಗಲವಾದ ದೇಹ, ಅದಕ್ಕಿಂತ ಅಗಲವಾದ ನಗು. ಜೀವಮಾನದಲ್ಲಿ ಒಮ್ಮೆಯೂ ಚೆಂಡು ಒದ್ದವರಲ್ಲ. ಆದರೆ ಯಾವ ಆಟಗಾರನ ತಾಯಿಗೆ ಕಾಯಿಲೆ, ಯಾರಿಗೆ ಮೇಲಧಿಕಾರಿ ರಜೆ ಕೊಡುತ್ತಿಲ್ಲ, ಎಲ್ಲ ಅವರಿಗೆ ಗೊತ್ತು. ತಾವೇ ಹೋಗಿ ರಜೆ ಕೊಡಿಸಿಕೊಂಡು ಬರುತ್ತಿದ್ದರು. ಪಂದ್ಯದ ದಿನ ಹಿತ್ತಾಳೆ ಡಬ್ಬಿಯ ತುಂಬ ಕಡಲೆಹಿಟ್ಟಿನ ಮೆತ್ತನೆಯ ತಿಂಡಿ ಖಮಣ್ ತರುತ್ತಿದ್ದರು. ಮೊದಲ ದಿನವೇ ನಮ್ಮ ಮನೆಗೆ ಬಂದು, ನನ್ನನ್ನು ತಂಗಿಯೆಂದು ಕರೆದು, "ಬೆನ್, ನೀವು ಮಾಳಿಗೆ ಮೇಲಿಂದ ನೋಡೋದೇಕೆ? ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸ್ತೇನೆ. ಕೂಗಬೇಕು ಅನಿಸಿದರೆ ಕೂಗಿ," ಅಂದರು. ನನಗೆ ಬೇರೇನು ಬೇಕಿತ್ತು!

ಆದರೆ ಮೂವರಲ್ಲಿ ಯಾರ ಕಾಲದ ತಂಡ ಮೇಲು ಎಂಬ ಜಗಳ ಆಗಲೇ ಶುರುವಾಗಿತ್ತು. ಹಳೆಯ ಆಟಗಾರರು ಪಾರ್ಸಿ ಸಾಹೇಬರ ಕಾಲವೇ ಕಾಲ ಅನ್ನುತ್ತಿದ್ದರು. ನಡುವಿನವರು, ಅದು ಫುಟ್ಬಾಲೇ ಅಲ್ಲ, ಬರೀ ಓಟ, ಆಟ ಕಲಿಸಿದ್ದು ಬಾಬು ಅನ್ನುತ್ತಿದ್ದರು. ನಮ್ಮವರು ಮೂವರ ಕೈಯಲ್ಲೂ ಆಡಿದವರಾದ್ದರಿಂದ ಪಂಚಾಯಿತಿಯೆಲ್ಲ ನಮ್ಮ ವರಾಂಡದಲ್ಲೇ. ಒಂದು ಚಳಿಗಾಲದ ಭಾನುವಾರ ಇಬ್ಬರು ಹಳೆಯ ಮ್ಯಾನೇಜರರೂ ಬಂದಿದ್ದರು. ಚಹಾ ಆರಿಹೋಯಿತು, ಮಾತು ಆರಲಿಲ್ಲ.

"ನನ್ನ ಹುಡುಗರು ಇವತ್ತಿಗೂ ನಿಮ್ಮವರನ್ನ ಓಡಿಸಿ ಸುಸ್ತು ಮಾಡ್ತಾರೆ," ಎಂದು ಸಾಹೇಬರು ಕೋಲು ಕುಟ್ಟಿದರು.

"ಓಡಲಿ. ಚೆಂಡು ನಮ್ಮ ಹತ್ತಿರ ಇರುತ್ತೆ," ಅಂದರು ಬಾಬು ಮೆಲ್ಲಗೆ.

ಟಿಕೆಟ್ ಸಾಹೇಬರು ಎದ್ದು ನಿಂತು ಕೈ ತಟ್ಟಿದರು. "ಬಾಯಲ್ಲಿ ಯಾಕೆ? ಮುಂದಿನ ಭಾನುವಾರ ಮೈದಾನದಲ್ಲೇ ಆಗಿಬಿಡಲಿ."

ನಮ್ಮವರು ಯಾರ ಕಡೆ ಎಂಬುದೇ ದೊಡ್ಡ ತಕರಾರಾಯಿತು. ಇಬ್ಬರೂ ಬಿಡಲೊಲ್ಲರು. ಕೊನೆಗೆ ಮೊದಲರ್ಧ ಸಾಹೇಬರ ಕಡೆ, ಎರಡನೆಯ ಅರ್ಧ ಬಾಬು ಕಡೆ ಎಂದು ಒಪ್ಪಂದವಾಯಿತು. ಹಾಗಾದರೆ ಆಚೆ ಗೋಲಿಗೆ ಯಾರು?

"ನಾನು ನಿಲ್ತೇನೆ," ಅಂದರು ಟಿಕೆಟ್ ಸಾಹೇಬರು. "ರೈಲಿನ ಬಾಗಿಲಲ್ಲಿ ನಿಂತು ಜನರನ್ನೇ ತಡೆದವನು, ಒಂದು ಚೆಂಡು ತಡೆಯಲಾರೆನೇ?"

ಆ ಭಾನುವಾರ ಕಾಲೋನಿಗೆ ಕಾಲೋನಿಯೇ ಮೈದಾನಕ್ಕೆ ಬಂದಿತ್ತು. ಗಾರ್ಡ್ ಒಬ್ಬರು ರೆಫರಿ. ಮೊದಲರ್ಧದಲ್ಲಿ ಹೊಟ್ಟೆ ಬಂದ ಹಳೆಯ ಆಟಗಾರರು ಚೆಂಡನ್ನು ಆಕಾಶಕ್ಕೆ ಒದ್ದು ಏದುಸಿರು ಬಿಡುತ್ತ ಓಡಿದರು. ಟಿಕೆಟ್ ಸಾಹೇಬರು ಮೇಲೆ ನೋಡುತ್ತ ನಿಂತಿರುವಾಗಲೇ ಚೆಂಡು ಅವರ ಹಿಂದೆ ಬೀಳುತ್ತಿತ್ತು. ಮೂರು ಗೋಲಾದವು. ಪ್ರತಿ ಗೋಲಿಗೂ ಹೊಡೆದವನ ಬೆನ್ನು ತಟ್ಟಿ "ಶಾಬಾಷ್" ಅನ್ನುತ್ತಿದ್ದರು, ಆತ ಎದುರಾಳಿ ಎಂಬುದನ್ನೇ ಮರೆತು.

ಹಾಫ್‌ಟೈಮಿನಲ್ಲಿ ನಮ್ಮವರು ಬಿಳಿ ಅಂಗಿ ಬಿಚ್ಚಿ ನೀಲಿ ಅಂಗಿ ಹಾಕಿಕೊಂಡರು, ನೀರು ಕುಡಿದರು, ಎದ್ದು ನೋಡಿದರೆ ಹೋಗಲು ಜಾಗವೇ ಇಲ್ಲ. ತಂಡಗಳು ದಿಕ್ಕು ಬದಲಿಸಿದ್ದವು, ಇವರು ತಂಡವನ್ನೇ ಬದಲಿಸಿದ್ದರು. ಹೀಗಾಗಿ ನಿಂತ ಗೋಲಿನಲ್ಲೇ ಮತ್ತೆ ನಿಂತರು. ಆಚೆ ಕಡೆ ಟಿಕೆಟ್ ಸಾಹೇಬರೂ ಹಾಗೆಯೇ. ಇದು ತಿಳಿಯುತ್ತಲೇ ಜನ ಬಿದ್ದು ಬಿದ್ದು ನಕ್ಕರು. ರೆಫರಿಗೆ ನಗು ತಡೆಯಲಾರದೆ ಸೀಟಿ ಊದಲಿಕ್ಕೇ ಆಗಲಿಲ್ಲ.

ಎರಡನೆಯ ಅರ್ಧದಲ್ಲಿ ಬಾಬು ಹುಡುಗರು ನಿಂಬೆಹಣ್ಣು ಉರುಳಿಸಿದ ಹಾಗೆ ಚೆಂಡು ಉರುಳಿಸುತ್ತ ಹೋದರು. ಎರಡು ಗೋಲು ಬಂದವು. ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ. ಆಟ ಮುಗಿಯುತ್ತ ಬಂದಾಗ ಸಾಹೇಬರ ಕಡೆಯವನೊಬ್ಬನ ಕೈಗೆ ಗೋಲಿನ ಎದುರೇ ಚೆಂಡು ತಾಗಿತು. ಪೆನಾಲ್ಟಿ. ಬಾಬು ಹುಡುಗನೊಬ್ಬ ಚೆಂಡು ಇಟ್ಟು ಹಿಂದೆ ಸರಿದ. ಟಿಕೆಟ್ ಸಾಹೇಬರು ಕಣ್ಣು ಮುಚ್ಚಿ ಕೈ ಅಗಲಿಸಿ ನಿಂತರು. ಚೆಂಡು ನೆಟ್ಟಗೆ ಬಂದು ಅವರ ಹೊಟ್ಟೆಗೆ ಬಡಿದು ವಾಪಸ್ಸು ಹಾರಿತು. ಅವರು ನಿಂತಲ್ಲೇ ಕೂತುಬಿಟ್ಟರು. "ಏನಾಯ್ತು? ಹೋಯ್ತಾ?" ಎಂದು ಕೇಳಿದರು. ಅಷ್ಟರಲ್ಲಿ ಹಳೆಯ ಆಟಗಾರರು ಅವರನ್ನು ಎತ್ತಲು ನೋಡಿ, ಆಗದೆ, ಸುತ್ತಲೂ ಕುಣಿಯುತ್ತಿದ್ದರು.

ಊಟಕ್ಕೆ ಮೂವರೂ ನಮ್ಮ ಮನೆಗೇ ಬಂದರು. ನಾನು ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದ್ದೆ.

"ಗೆದ್ದದ್ದು ನಾವು," ಎಂದರು ಪಾರ್ಸಿ ಸಾಹೇಬರು.

"ಗೆಲ್ಲಿಸಿದ್ದು ಇವರ ಹೊಟ್ಟೆ," ಎಂದರು ಬಾಬು.

"ದೀಕ್ರಿ, ನೀನು ಮೂವರ ಕಾಲವನ್ನೂ ನೋಡಿದವಳು. ನೀನೇ ಹೇಳು," ಎಂದು ಸಾಹೇಬರು ನನ್ನತ್ತ ತಿರುಗಿದರು. ನಮ್ಮವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ನಿಮ್ಮ ಕಾಲದಾಗ ನನಗ ಅರ್ಧ ಆಟ ಕಾಣಿಸಿತು," ಎಂದೆ. "ಬಾಬು ಕಾಲದಾಗ ಪೂರಾ ಕಾಣಿಸಿತು, ಆದರ ಬಾಯಿ ಮುಚ್ಚಿಕೊಂಡು. ಈ ಭಾಯಿ ನನಗ ಕೂಗಲಿಕ್ಕೆ ಬಿಟ್ಟರು. ನಾ ಇವರ ಕಡೆ." ಅವಸರದಲ್ಲಿ ಇದನ್ನೆಲ್ಲ ಕನ್ನಡದಲ್ಲೇ ಹೇಳಿಬಿಟ್ಟಿದ್ದೆ. ನಮ್ಮವರು ನಗುತ್ತ ಹಿಂದಿಯಲ್ಲಿ ತಿಳಿಸಿ ಹೇಳಿದರು. ಪಾರ್ಸಿ ಸಾಹೇಬರು ಗಹಗಹಿಸಿ ನಕ್ಕು, "ಇನ್ನೊಂದು ರೊಟ್ಟಿ ಹಾಕು," ಅಂದರು.

ಟಿಕೆಟ್ ಸಾಹೇಬರು ಆ ಊಟದಲ್ಲೇ ಇನ್ನೊಂದು ಮಾತು ಹೇಳಿದರು. "ನನಗೆ ಆಟ ಬರೋದಿಲ್ಲ, ಎಲ್ಲರೂ ಇವತ್ತು ನೋಡಿದ್ರಿ. ಓಟ ನೀವು ಕಲಿಸಿ, ಪಾಸು ಇವರು ಕಲಿಸಲಿ, ಖಮಣ್ ನಾನು ತರ್ತೇನೆ." ಇಬ್ಬರೂ ಒಲ್ಲೆ ಒಲ್ಲೆ ಎನ್ನುತ್ತಲೇ ಮರುವಾರ ಮೈದಾನದಲ್ಲಿ ಹಾಜರಾದರು. ಚೆಂಡು ಮೇಲೆ ಹೋಗಬೇಕೋ ನೆಲದ ಮೇಲೆ ಇರಬೇಕೋ ಎಂದು ದಿನಾ ಜಗಳ. ಹುಡುಗರು ಮಾತ್ರ ಎರಡನ್ನೂ ಕಲಿತರು.

ಮುಂದಿನ ವರ್ಷ ಅಹಮದಾಬಾದಿಗೆ ಆಡಲು ಹೋದೆವು. ನರೋಡಾದ ಹೊಸ ಕಾರ್ಖಾನೆಯೊಂದರ ಗಟ್ಟಿಮುಟ್ಟಾದ ತಂಡ ಎದುರಿಗಿತ್ತು. ಒಂದೇ ಬೆಂಚಿನ ಮೇಲೆ ಮೂವರು ಮ್ಯಾನೇಜರರು ಕೂತು ಮೂರು ಭಾಷೆಯಲ್ಲಿ ಮೂರು ಥರದ ಆಜ್ಞೆ ಕೊಡುತ್ತಿದ್ದರು. ಪಕ್ಕದಲ್ಲಿ ನಾನು ಕನ್ನಡದಲ್ಲಿ ಕೂಗುತ್ತಿದ್ದೆ. ಗದ್ದಲದಲ್ಲಿ ಆಟಗಾರರಿಗೆ ಯಾರದೂ ಕೇಳಿಸುತ್ತಿರಲಿಲ್ಲ. ಒಂದೇ ಗೋಲಿನಿಂದ ನಾವು ಗೆದ್ದೆವು. ನಮ್ಮವರು ಕೊನೆಯ ಗಳಿಗೆಯಲ್ಲಿ ಗಾಳಿಯಲ್ಲಿ ಜಿಗಿದು ಚೆಂಡನ್ನು ಅವಚಿಕೊಂಡು ಬಿದ್ದಾಗ, ಮಂಡಿನೋವಿನ ಪಾರ್ಸಿ ಸಾಹೇಬರು ಕೋಲು ಬಿಸಾಕಿ ಎಲ್ಲರಿಗಿಂತ ಮೊದಲು ಗೋಲಿನ ಹತ್ತಿರ ಓಡಿದ್ದರು. ಮರುದಿನ ನನಗೆ ದನಿಯೇ ಹೊರಡಲಿಲ್ಲ. ಹಾಲಿನವನ ಜೊತೆ ನಮ್ಮವರೇ ಮಾತಾಡಿದರು, ಹಾಲಿನ ಲೆಕ್ಕ ಬಿಟ್ಟು ಬರೀ ಪಂದ್ಯದ ಸುದ್ದಿ.