ಹಿಂದಿನ ಎಡಬಾಗಿಲಿನ ಹಿಡಿಕೆ

ಕಾರು ಕೊಳ್ಳಲು ಬಂದ ಕುಪವಾಡದ ಗೃಹಸ್ಥರಿಗೆ ಎಂಜಿನ್ನಿನ ಬಗ್ಗೆ ತಕರಾರಿರಲಿಲ್ಲ. ಟೈರು ಒಪ್ಪಿದರು, ಸೀಟು ಒಪ್ಪಿದರು. ಬಾಗಿಲಿನ ಹಿಡಿಕೆಗಳ ಹತ್ತಿರ ಬಂದಾಗ ಮಾತ್ರ ಮುಖ ಸಣ್ಣದು ಮಾಡಿದರು. ಕರಿ ಪ್ಲಾಸ್ಟಿಕ್ಕಿನ ಹಿಡಿಕೆಗಳು ಹದಿನೆಂಟು ಇಪ್ಪತ್ತು ಬೇಸಿಗೆಯ ಬಿಸಿಲು ತಿಂದು ಬೂದಿ ಬಣ್ಣಕ್ಕೆ ತಿರುಗಿದ್ದವು. ಮುಟ್ಟಿದರೆ ಬೆರಳಿಗೆ ಹಿಟ್ಟಿನಂಥ ಪುಡಿ ಹತ್ತುತ್ತಿತ್ತು. ಒಳಗೆ, ಹಿಂದಿನ ಎಡಬಾಗಿಲಿನ ಹಿಡಿಕೆಯ ಕೆಳಗೆ, ಆಸ್ಪತ್ರೆಯಲ್ಲಿ ಗಾಯಕ್ಕೆ ಹಚ್ಚುವ ಬಿಳಿ ಅಂಟುಪಟ್ಟಿಯ ಎರಡು ತುಂಡುಗಳು ಕಂದು ಬಣ್ಣಕ್ಕೆ ತಿರುಗಿ, ಅಂಚಿಗೆಲ್ಲ ಧೂಳು ಮೆತ್ತಿಕೊಂಡು ಕೂತಿದ್ದವು. ಅವರ ಹೆಂಡತಿ ಅದನ್ನು ಉಗುರಿನಿಂದ ಕೆರೆದು ನೋಡಿ ಕೈ ಒರೆಸಿಕೊಂಡರು. ಇಷ್ಟು ಸರಿಮಾಡಿಸಿಡಿ, ಮುಂದಿನ ಭಾನುವಾರ ಬಂದು ಗಾಡಿ ಒಯ್ಯುತ್ತೇವೆ ಎಂದು ಹೇಳಿ ಹೋದರು.

ಗ್ಯಾರೇಜಿಗೆ ಕೊಟ್ಟಿದ್ದರೆ ಅರ್ಧ ದಿನದ ಕೆಲಸ. ನಾನು ಕೊಡಲಿಲ್ಲ. ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಸಾಂಗ್ಲಿಯ ಅರಿಷಿಣ ಪೇಟೆಯಲ್ಲಿದ್ದ ನಮ್ಮ ದಲಾಲಿ ಅಂಗಡಿಯನ್ನು ಅದಕ್ಕೂ ಮೊದಲೇ ಮುಚ್ಚಿದ್ದೆ. ಮಗಳು ಕೊಲ್ಹಾಪುರದಲ್ಲಿ ಗಂಡನ ಮನೆಯಲ್ಲಿದ್ದಳು. ಮಿರಜಿನ ಮನೆಯಲ್ಲಿ ಬೆಳಗಿನ ಚಹಾದಿಂದ ಸಂಜೆಯ ಚಹಾದವರೆಗೆ ನನಗೆ ಮಾತಿಗೆ ಸಿಗುತ್ತಿದ್ದವನು ಹಾಲಿನವನೊಬ್ಬನೇ. ಅದೂ ಮರಾಠಿಯಲ್ಲಿ, ಅದೂ ಒಂದೇ ವಾಕ್ಯ. ಕನ್ನಡದ ಒಂದು ಮಾತು ಬಾಯಿಂದ ಹೊರಗೆ ಬಂದು ವಾರಗಟ್ಟಲೆ ಆಗಿರುತ್ತಿತ್ತು. ಹೀಗಿರುವಾಗ ಒಂದು ವಾರಕ್ಕಾಗುವಷ್ಟು ಕೆಲಸ ಕೈಗೆ ಸಿಕ್ಕಿತಲ್ಲ ಎಂದು ನಾನು ಖುಷಿಯನ್ನೇ ಪಟ್ಟೆ.

ಆ ಕಾರು ನಮ್ಮ ಮನೆಗೆ ಬಂದದ್ದು ಸಾಂಗ್ಲಿ-ಮಿರಜ ರಸ್ತೆಯ ಅಕ್ಕಪಕ್ಕದ ಹೊಲಗಳು ಒಂದೊಂದಾಗಿ ಶೋರೂಮುಗಳಾಗುತ್ತಿದ್ದ ಕಾಲದಲ್ಲಿ. ಅದಕ್ಕೂ ಮೊದಲು ನಮ್ಮ ಪೇಟೆಯಲ್ಲಿ ಕಾರು ಇದ್ದವರು ಬೆರಳೆಣಿಕೆಯಷ್ಟು. ಆಮೇಲಾಮೇಲೆ ಕಾರು ಇಲ್ಲದ ವ್ಯಾಪಾರಿಯನ್ನು ಜನ ಅನುಮಾನದಿಂದ ನೋಡತೊಡಗಿದರು. ಹಾಗಾಗಿ ನಾವೂ ತಂದೆವು. ಮುಂದಿನ ಸೀಟು ಅಪ್ಪನದು. ಹೆಂಡತಿ ಮಗಳನ್ನು ಕಟ್ಟಿಕೊಂಡು ಹಿಂದೆ, ಎಡಗಡೆ. ಅಪ್ಪ ಹೋದ ಮೇಲೂ ಅವಳು ಮುಂದಿನ ಸೀಟಿಗೆ ಬರಲಿಲ್ಲ. ರೂಢಿಯಾಗಿದೆ ಅಂದಳು. ನಾನೂ ಬಾ ಎಂದು ಒತ್ತಾಯ ಮಾಡಿದವನಲ್ಲ.

ಅವಳು ಗಡಿಯಾಚೆ, ಅಥಣಿ ಕಡೆಯ ಹಳ್ಳಿಯವಳು. ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆ ಕಲಿತವಳು. ಮನೆಯೊಳಗೆ ನಮ್ಮದೂ ಕನ್ನಡವೇ, ಹೊರಗೆಲ್ಲ ಮರಾಠಿ; ಮದುವೆಯಾಗಿ ಬಂದಾಗ ಅವಳಿಗೆ ಅದರ ಗಂಧವಿರಲಿಲ್ಲ. ಇಲ್ಲಿ ಬಾಗಿಲಿಗೆ ‘ದಾರ’ ಅನ್ನುತ್ತಾರೆಂದು ಕೇಳಿ, ನಮ್ಮಲ್ಲಿ ಅದರಿಂದ ಹೂವು ಕಟ್ಟುತ್ತೇವೆ ಎಂದು ಅವಳೇ ಎಲ್ಲರನ್ನೂ ನಗಿಸಿದ್ದಳು. ಒಂದೆರಡು ವರ್ಷದಲ್ಲಿ ಧೈರ್ಯದಿಂದ ಮಾತಾಡತೊಡಗಿದಳು. ಕನ್ನಡವನ್ನೇ ಒಳಗೆ ಇಟ್ಟುಕೊಂಡು ಮೇಲೆ ಮರಾಠಿಯ ಅಂಗಿ ತೊಡಿಸುತ್ತಿದ್ದಳು ಅಷ್ಟೆ. ನಮ್ಮ ಮಾತಿನಲ್ಲಿ ಎಲ್ಲದಕ್ಕೂ ‘ತೆಗಿ’ ಸಾಕು. ಚಪ್ಪಲಿಯನ್ನೂ ತೆಗಿ, ಬಾಗಿಲನ್ನೂ ತೆಗಿ. ಮರಾಠಿಯಲ್ಲಿ ಹಾಗಲ್ಲ. ಚಪ್ಪಲಿ ತೆಗೆಯುವುದಕ್ಕೆ ‘ಕಾಢಾ’, ಬಾಗಿಲು ತೆಗೆಯುವುದಕ್ಕೆ ‘ಉಘಡಾ’. ‘ದಾರ ಕಾಢಾ’ ಅಂದರೆ ಬಾಗಿಲನ್ನೇ ಕಿತ್ತು ತೆಗೆಯಿರಿ ಎಂದಾಗುತ್ತದೆ.

ಕಾರು ತಂದ ಮೊದಲ ತಿಂಗಳಲ್ಲೇ ಒಮ್ಮೆ ಕುಪವಾಡದ ಒಂದು ಗ್ಯಾರೇಜಿನಲ್ಲಿ ನಿಂತಿದ್ದೆವು. ಅಪ್ಪ ಮತ್ತು ನಾನು ಕೆಳಗಿಳಿದಿದ್ದೆವು. ಹಿಂದಿನ ಎಡಬಾಗಿಲಿನ ಒಳಹಿಡಿಕೆ ಸಿಕ್ಕಿಹಾಕಿಕೊಂಡಿತು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಮೆಕ್ಯಾನಿಕ್ಕನಿಗೆ ‘ದಾರ ಕಾಢಾ’ ಅಂದಳು. ಅವನೋ ಕಿಲಾಡಿ. ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡೇ ಬಂದು, ವಹಿನಿಗೆ, ಅಂದರೆ ಅತ್ತಿಗೆಗೆ, ಯಾವ ಬಾಗಿಲು ಬಿಚ್ಚಿ ಕೊಡಲಿ ಎಂದು ನನ್ನನ್ನು ಕೇಳಿದ. ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ಅಪ್ಪ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಅಲ್ಲಿಗೆ ಬಿಟ್ಟಿದ್ದರೆ ಒಂದು ಮಾತು. ಬಿಡಲಿಲ್ಲ. ಮನೆಗೆ ಬಂದ ಬೀಗರ ಮುಂದೆ, ಪೇಟೆಯ ಗೆಳೆಯರ ಮುಂದೆ, ಎಷ್ಟೋ ವರ್ಷ ಆ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದೆ. ಅವಳು ಚಹಾದ ತಟ್ಟೆ ಹಿಡಿದು ನಿಂತು ತಾನೂ ಸ್ವಲ್ಪ ನಗುತ್ತಿದ್ದಳು. ನಿಧಾನಕ್ಕೆ ಅವಳ ಮರಾಠಿ ನಿಂತುಹೋಯಿತು. ತರಕಾರಿ ಮಾರುವ ಭಾಜಿಯವಳ ಹತ್ತಿರ ಬೆರಳು ತೋರಿಸಿ ಕೊಳ್ಳುತ್ತಿದ್ದಳು. ಮಗಳ ಶಾಲೆಯ ಸಭೆಗೆ ನನ್ನನ್ನೇ ಕಳಿಸುತ್ತಿದ್ದಳು. ಅವಳ ಸ್ವಭಾವವೇ ಮೌನ ಎಂದು ನಾನು ತಿಳಿದುಕೊಂಡೆ. ಮನುಷ್ಯ ತನಗೆ ಅನುಕೂಲವಾದದ್ದನ್ನು ಎಷ್ಟು ಬೇಗ ತಿಳಿದುಕೊಳ್ಳುತ್ತಾನೆ ನೋಡಿ.

ಸೋಮವಾರ ಕೆಲಸ ಶುರುಮಾಡಿದೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಯಾರನ್ನಾದರೂ ಕೇಳಿ ಮಾಡುವ ತಾಳ್ಮೆ ಇಲ್ಲ. ಮನೆಯ ಕಿಟಕಿಗೆ ಹಚ್ಚಿ ಉಳಿದಿದ್ದ ಕರಿ ಎಣ್ಣೆಬಣ್ಣವನ್ನು ನಾಲ್ಕೂ ಹಿಡಿಕೆಗೆ ಬ್ರಷ್ಷಿನಿಂದ ಬಳಿದೆ. ಮಂಗಳವಾರ ಉಗುರು ತಾಗಿಸಿದರೆ ಹಾಲಿನ ಕೆನೆಯ ಹಾಗೆ ಇಡಿಯಾಗಿ ಎದ್ದು ಬಂತು. ಮಿರಜಿನ ಬಣ್ಣದ ಅಂಗಡಿಯವರು ಕೇಳಿ ತಲೆ ಅಲ್ಲಾಡಿಸಿದರು. ಪ್ಲಾಸ್ಟಿಕ್ಕಿಗೆ ಬಣ್ಣ ಹಾಗೆಲ್ಲ ಹಿಡಿಯುವುದಿಲ್ಲವಂತೆ. ಮೊದಲು ಸಾಬೂನಿನಿಂದ ತೊಳೆದು ಜಿಡ್ಡು ತೆಗೆಯಬೇಕು, ನಯವಾದ ಪಾಲಿಶ್ ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಬೇಕು, ಒಣಗಿದ ಮೇಲೆ ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರ್, ಅದರ ಮೇಲೆ ಡಬ್ಬಿಯಿಂದ ಸಿಂಪಡಿಸುವ ಬಣ್ಣ, ತೆಳ್ಳಗೆ, ಮೂರು ಸಲ.

ತೆಳ್ಳಗೆ ಎಂಬುದು ನನ್ನ ಜಾತಕದಲ್ಲೇ ಇಲ್ಲ. ಮೊದಲ ಹಿಡಿಕೆಯ ಮೇಲೆ ಬಣ್ಣ ಸೋರಿ ಕಣ್ಣೀರಿನ ಗೆರೆ ಮೂಡಿತು. ಉಜ್ಜಿ ತೆಗೆದು ಮತ್ತೆ ಹೊಡೆದೆ. ಸುತ್ತ ಬಣ್ಣ ಹಾರಬಾರದೆಂದು ಹಳೆಯ ದಿನಪತ್ರಿಕೆ ಅಂಟಿಸಿ, ಒಂದೊಂದು ಕೋಟಿನ ನಡುವೆ ಅಂಗಳದ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದೆ. ಕಾಯುವಾಗ ಒಳಗಿನಿಂದ ಚಹಾ ಬರಬಹುದು ಎಂದು ಒಂದೆರಡು ಸಲ ಬಾಗಿಲ ಕಡೆ ನೋಡಿದ್ದುಂಟು. ಬುಧವಾರ ಸಂಜೆಗೆ ಹೊರಗಿನ ನಾಲ್ಕೂ ಹಿಡಿಕೆಗಳು ಕಪ್ಪಗೆ ಮಿಂಚಿದವು. ಕರೆದು ತೋರಿಸೋಣವೆಂದರೆ ಯಾರೂ ಇರಲಿಲ್ಲ. ಬಹಳ ಬೇಜಾರಾಯಿತು.

ಗುರುವಾರ ಒಳಗಿನ ಕೆಲಸ. ಅಂಟುಪಟ್ಟಿ ಕೀಳಬೇಕೆಂದು ಹಿಂದಿನ ಸೀಟಿನ ಎಡಗಡೆ ಹೋಗಿ ಕೂತಾಗ ಹೊಳೆಯಿತು, ಇಷ್ಟು ವರ್ಷದಲ್ಲಿ ನಾನು ಆ ಜಾಗದಲ್ಲಿ ಒಂದು ಸಲವೂ ಕೂತಿರಲಿಲ್ಲ. ಅಲ್ಲಿಂದ ಕಾಣುವುದು ಮುಂದಿನ ಸೀಟಿನ ಬೆನ್ನು, ಮತ್ತು ಕನ್ನಡಿಯಲ್ಲಿ ಗಾಡಿ ಓಡಿಸುವವನ ಹಣೆ. ಪಟ್ಟಿ ಯಾಕೆ ಹಚ್ಚಿದ್ದೀಯಾ ಎಂದು ಹಿಂದೊಮ್ಮೆ ಕೇಳಿದ್ದೆ. ಪ್ಲಾಸ್ಟಿಕ್ ಬಿರುಕು ಬಿಟ್ಟಿದೆ, ಮಗಳ ಕೈಗೆ ತಾಗಬಾರದು ಎಂದಿದ್ದಳು. ಮಿರಜಿನಲ್ಲಿ ಅಂಥ ಪಟ್ಟಿ ಯಾರ ಮನೆಯಲ್ಲಿಲ್ಲ, ನಮ್ಮ ಓಣಿಯ ತುದಿಯಲ್ಲೇ ಎರಡು ಆಸ್ಪತ್ರೆ. ನಾನು ಮತ್ತೆ ಕೇಳಿರಲಿಲ್ಲ.

ಅಂಟು ಒಣಗಿ ಕಲ್ಲಾಗಿತ್ತು. ಬಣ್ಣದ ಅಂಗಡಿಯವರು ಥಿನ್ನರ್ ಮಾತ್ರ ಮುಟ್ಟಬೇಡಿ, ಪ್ಲಾಸ್ಟಿಕ್ ಕರಗುತ್ತದೆ ಎಂದು ಎಚ್ಚರಿಸಿದ್ದರು. ಅದಕ್ಕೆ ರೇಷನ್ನಿನ ಚಿಮಣಿ ಎಣ್ಣೆ ತಂದೆ. ಮೇಲಿನ ಪಟ್ಟಿಯ ಮೇಲೆ ಎಣ್ಣೆಯ ಚಿಂದಿ ಒತ್ತಿ ಹಿಡಿದು, ನೆನೆದ ಮೇಲೆ ಒಡೆದ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದೆ. ಎರಡು ಪದರ ಮುದ್ದೆಮುದ್ದೆಯಾಗಿ ಬಂತು. ಚಿಂದಿ ನೀಲಿಯಾಯಿತು. ರೇಷನ್ನಿನ ಎಣ್ಣೆಯೇ ನೀಲಿ, ಅದರಲ್ಲೇನು ವಿಶೇಷ ಎಂದುಕೊಂಡೆ. ಪಟ್ಟಿಯ ಕೆಳಗೆ ಪ್ಲಾಸ್ಟಿಕ್ ನುಣ್ಣಗಿತ್ತು. ಬಿರುಕು ಗಿರುಕು ಏನೂ ಇರಲಿಲ್ಲ. ಅದೂ ನನ್ನ ತಲೆಗೆ ಹೋಗಲಿಲ್ಲ. ಎಣ್ಣೆಯ ವಾಸನೆಗೆ ತಲೆ ಹಿಡಿದು, ಎರಡನೆಯದನ್ನು ನಾಳೆ ನೋಡೋಣವೆಂದು ಎದ್ದೆ.

ಶುಕ್ರವಾರ ಎಣ್ಣೆ ಬೇಡವೆನಿಸಿತು. ಮಗಳು ಬಿಟ್ಟುಹೋಗಿದ್ದ ಕೂದಲು ಒಣಗಿಸುವ ಯಂತ್ರಕ್ಕೆ ಉದ್ದನೆಯ ವಾಯರು ಎಳೆದು, ಕೆಳಗಿನ ಪಟ್ಟಿಗೆ ಬಿಸಿಗಾಳಿ ಹಿಡಿದೆ. ಅಂಚು ಮೆತ್ತಗಾಯಿತು. ಮೆಲ್ಲಗೆ ಎಳೆದರೆ ಮೇಲಿನ ಪದರವೊಂದೇ ಎದ್ದು ಬಂತು. ಅಡಿಯಲ್ಲಿ ಇನ್ನೊಂದು ಪಟ್ಟಿ ಇತ್ತು, ಅದರ ಮೇಲೆ ನೀಲಿ ಬಾಲ್‌ಪೆನ್ನಿನ ಅಕ್ಷರಗಳಿದ್ದವು. ದುಂಡಗಿನ, ಏಳನೆಯ ಇಯತ್ತೆಯ ಕನ್ನಡ ಅಕ್ಷರ. ಕನ್ನಡಕ ತಂದು ಓದಿದೆ.

‘ಚಪ್ಲಿ ತೆಗಿ – ಚಪ್ಪಲ ಕಾಢಾ’ ಎಂದು ಮೊದಲ ಸಾಲು. ‘ಬಾಗ್ಲಾ ತೆಗಿ – ದಾರ ಉಘಡಾ’ ಎಂದು ಎರಡನೆಯದು, ಅದರ ಕೆಳಗೆ ಎರಡು ಗೆರೆ. ಆಮೇಲೆ ಶಾಲೆಯಲ್ಲಿ ತಪ್ಪಿದವರಿಗೆ ಬರೆಸುತ್ತಾರಲ್ಲ, ಹಾಗೆ, ಒಂದರ ಕೆಳಗೊಂದು: ದಾರ ಉಘಡಾ. ದಾರ ಉಘಡಾ. ದಾರ ಉಘಡಾ.

ನಾನು ಓಡಿಹೋಗಿ ಹಿತ್ತಲಲ್ಲಿ ಒಣಹಾಕಿದ್ದ ಚಿಂದಿಯನ್ನು ತಂದೆ. ಬಿಸಿಲಿಗೆ ಹಿಡಿದೆ, ತಿರುವಿ ನೋಡಿದೆ. ನೀಲಿ ಕಲೆ ಇತ್ತು. ಎಣ್ಣೆಯ ನೀಲಿ ಎಷ್ಟು, ಅವಳ ಅಕ್ಷರದ ನೀಲಿ ಎಷ್ಟು, ಹೇಗೆ ಹೇಳುವುದು? ಆ ಪಟ್ಟಿಯಲ್ಲಿ ಏನಿತ್ತೋ ಅದನ್ನು ನಾನೇ ನನ್ನ ಕೈಯಾರೆ ಉಜ್ಜಿ ಒರೆಸಿದ್ದೆ. ಕಾರಿನ ಬಾಗಿಲು ತೆರೆದಿಟ್ಟುಕೊಂಡು ಅವಳ ಜಾಗದಲ್ಲಿ ಕೂತು ಅತ್ತೆ. ಅವಳು ಸತ್ತಾಗ ಕೂಡ ಅಷ್ಟು ಅತ್ತಿರಲಿಲ್ಲ.

ಮಗಳಿಗೆ ಫೋನು ಮಾಡಿದೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಮರಾಠಿಯಲ್ಲಿ ಉತ್ತರ ಕೊಡುವುದು ಚಿಕ್ಕಂದಿನಿಂದಲೂ ನಮ್ಮಿಬ್ಬರ ಪದ್ಧತಿ. ನೀವು ಮತ್ತು ಅಜ್ಜ ಪೇಟೆಯಲ್ಲಿ ಇಳಿದುಹೋದಾಗ ನಾವಿಬ್ಬರೂ ಕಾರಿನಲ್ಲೇ ಕಾಯುತ್ತಿದ್ದೆವಲ್ಲ, ಆಗ ಅವ್ವ ಶಬ್ದ ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ, ಅವ್ವ ಬರೆದುಕೊಂಡು ಬಾಯಿಪಾಠ ಮಾಡಿ, ನೀವು ಬರುವುದು ಕಂಡರೆ ಮೇಲೆ ಇನ್ನೊಂದು ಪಟ್ಟಿ ಮುಚ್ಚುತ್ತಿದ್ದಳು ಎಂದಳು. ಮೇಲಿನ ಪಟ್ಟಿಯಲ್ಲಿ ಏನಿತ್ತು ಎಂದು ಕೇಳಿದೆ. ತನಗಾಗ ಏಳೋ ಎಂಟೋ ವಯಸ್ಸು, ನೆನಪಿಲ್ಲ ಅಂದಳು. ನನಗೆ ಯಾಕೆ ಹೇಳಲಿಲ್ಲ ಎಂದೆ. ತಡವರಿಸುತ್ತ, ಕನ್ನಡದಲ್ಲಿ ಹೇಳಿದಳು.

“ಅವ್ವ ಹೇಳಬ್ಯಾಡ ಅಂದಿದ್ಲು. ನೀವು ನಗತೀರಿ ಅಂತ.”

ಉಳಿದ ಪಟ್ಟಿಯನ್ನು ಬಿಡಿಸಲು ಶನಿವಾರ ಇಡೀ ದಿನ ಹಿಡಿಯಿತು. ಬಿಸಿಗಾಳಿ ಹೆಚ್ಚಾದರೆ ಅಂಟು ಕರಗಿ ಅಕ್ಷರಕ್ಕೆ ಬರುತ್ತಿತ್ತು, ಕಡಿಮೆಯಾದರೆ ಬಟ್ಟೆ ಹರಿಯುತ್ತಿತ್ತು. ಅಕ್ಕಿಕಾಳಿನಷ್ಟು ಬಿಸಿ, ಅಕ್ಕಿಕಾಳಿನಷ್ಟು ಎಳೆತ. ಜೀವಮಾನದಲ್ಲಿ ಒಂದು ಕೆಲಸವನ್ನು ಅಷ್ಟು ನಿಧಾನವಾಗಿ ಮಾಡಿದ್ದು ಅದೊಂದೇ. ಹರಿಯದೆ ಬಂತು. ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಬಾಗಿಲಿಗೆ ಉಳಿದ ಅಂಟನ್ನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದೆ, ಸಾಬೂನಿನಿಂದ ತೊಳೆದೆ, ಒಳಹಿಡಿಕೆಗೂ ತೆಳ್ಳಗೆ ಮೂರು ಸಲ ಬಣ್ಣ ಹೊಡೆದೆ. ಗಾಡಿ ಕೊಡುವುದಿಲ್ಲ ಎಂದು ಹೇಳಿಬಿಡಲೇ ಎಂದೂ ಯೋಚಿಸಿದೆ. ಆದರೆ ಮಾತು ಕೊಟ್ಟಾಗಿತ್ತು. ಅಲ್ಲದೆ ಆ ಸೀಟಿನಲ್ಲಿ ಕೂರಲು ನನ್ನ ಮನೆಯಲ್ಲಿ ಇನ್ನು ಯಾರಿದ್ದರು?

ಭಾನುವಾರ ಗಂಡಹೆಂಡತಿ ಬಂದರು. ಹಿಡಿಕೆಗಳ ಮೇಲೆ ಕೈಯಾಡಿಸಿ ಗ್ಯಾರೇಜಿನವರೂ ಇಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ ಅಂದರು. ಪಟ್ಟಿ ಇದ್ದ ಜಾಗದಲ್ಲಿ ಎರಡು ಚೌಕ ಮಾತ್ರ ಹೊಸ ಪ್ಲಾಸ್ಟಿಕ್ಕಿನ ಬಣ್ಣದಲ್ಲೇ ಉಳಿದಿತ್ತು. ಆಕೆ ಹಿಂದೆ ಎಡಗಡೆ ಹತ್ತಿ ಕೂತು ನೋಡಿದರು. ಇಳಿಯಲು ಹೋದರೆ ಹೊಸ ಬಣ್ಣಕ್ಕೆ ಒಳಹಿಡಿಕೆ ಸ್ವಲ್ಪ ಹಿಡಿದುಕೊಂಡಿತು. ಎರಡು ಸಲ ಎಳೆದರು, ಬರಲಿಲ್ಲ. ಅವರ ಗಂಡ ಹೊರಗೆ ಆ ಬಾಗಿಲ ಹತ್ತಿರವೇ ನಿಂತಿದ್ದರು.

“ದಾರ ಕಾಢಾ,” ಅಂದೆ.

ಹುಟ್ಟಿದಾಗಿನಿಂದ ಮರಾಠಿ ಆಡಿದ ನನ್ನ ಬಾಯಿಂದ ಬಂದುಬಿಟ್ಟಿತು. ಅವರು ನಕ್ಕರು. ಹಾಗಾದರೆ ಪಾನಾ ಬೇಕಾಗುತ್ತದೆ ಎಂದರು. ಕೆಟ್ಟ ಮನಸ್ಸಿನಿಂದೇನೂ ನಕ್ಕದ್ದಲ್ಲ. ನಾನೂ ಆ ದಿನ ಹಾಗೆಯೇ ನಕ್ಕಿದ್ದೆ.

“ಆಮ್ಚ್ಯಾ ಘರಾತ ಅಸಂಚ ಮ್ಹಣತಾತ,” ಅಂದೆ.

ನಮ್ಮ ಮನೆಯಲ್ಲಿ ಹೀಗೇ ಅನ್ನುತ್ತಾರೆ. ಇಷ್ಟೇ ಮಾತು. ಗ್ಯಾರೇಜಿನಲ್ಲಿ, ಮೆಕ್ಯಾನಿಕ್ಕ ಪಾನಾ ಹಿಡಿದು ಬಂದಾಗ, ಅವಳು ಕಿಟಕಿಯಿಂದ ನನ್ನ ಮುಖ ನೋಡುತ್ತಿದ್ದಾಗ, ನಾನು ಹೇಳಬೇಕಾಗಿದ್ದ ಮಾತು. ಅವರು ನಗು ನಿಲ್ಲಿಸಿ, ತಪ್ಪಾಯಿತೇನೋ ಎನ್ನುವಂತೆ ನನ್ನನ್ನು ನೋಡಿದರು. ಆಮೇಲೆ ಹೊರಗಿನಿಂದ ಬಾಗಿಲು ತೆಗೆದು ಹೆಂಡತಿಯನ್ನು ಇಳಿಸಿಕೊಂಡರು.

ಚಹಾ ಕುಡಿದು ಕಾರು ತೆಗೆದುಕೊಂಡು ಹೋದರು. ಓಣಿಯ ತಿರುವಿನವರೆಗೆ ನೋಡಿ, ಗೇಟು ಹಾಕಿಕೊಂಡು ಬಂದೆ. ಗಾಳಿಗೆ ಮನೆಯ ಬಾಗಿಲು ಹಾಕಿಕೊಂಡಿತ್ತು. ಅದರ ಮುಂದೆ ನಿಂತು, ಪೇಟೆಯಿಂದ ಬಂದಾಗ ದಿನಾ ಅನ್ನುತ್ತಿದ್ದ ಹಾಗೆ, ‘ಬಾಗ್ಲಾ ತೆಗಿ’ ಅಂದೆ. ಸ್ವಲ್ಪ ಹೊತ್ತು ನಿಂತೆ. ಆಮೇಲೆ ಜೇಬಿನಲ್ಲಿ ಚಾವಿ ಹುಡುಕಿ ನಾನೇ ತೆಗೆದೆ.