ನಡುಗುವ ಕೈಗೆ ಕೈಮುಗಿದವರು

ಮೊನ್ನೆ ಮೊಮ್ಮಗಳ ಜ್ವರ ನೋಡಲು ಹೋಗಿ ಹಳೆಯ ಥರ್ಮಾಮೀಟರ್ ನನ್ನ ಕೈಜಾರಿ ಒಡೆಯಿತು. ಪಾದರಸ ಸಣ್ಣ ಸಣ್ಣ ಮಣಿಗಳಾಗಿ ನೆಲದ ಮೇಲೆಲ್ಲ ಓಡಿತು. ಬೆರಳಿನಿಂದ ಒಟ್ಟು ಮಾಡುವ ಎಂದು ಬಗ್ಗಿದ್ದೇ ತಡ, ಸೊಸೆ "ಅತ್ತೇ, ಮುಟ್ಟಬೇಡಿ, ಅದು ವಿಷ" ಎಂದು ಕೂಗಿದಳು. ಎಷ್ಟು ಸಲೀಸಾಗಿ ಹೇಳಿಬಿಟ್ಟಳು... ಆ ಒಂದು ಮಾತನ್ನು ನಂಬಿಸಲಾಗದೆ ಸೋತುಹೋದ ಒಬ್ಬರನ್ನು ನಾನು ಕಂಡಿದ್ದೆ. ರಾತ್ರಿಯೆಲ್ಲ ಅವರದೇ ನೆನಪು.

ಅರವತ್ತರ ದಶಕದ ಆರಂಭ. ಮೂಡಬಿದ್ರೆಯ ಶಾಲೆಯೊಂದರಲ್ಲಿ ಟೀಚರಾಗಿ ಸೇರಿದ್ದೆ. ನಾನೂ ಅಮ್ಮನೂ ಇದ್ದ ಬಾಡಿಗೆ ಮನೆಗೆ ತಾಗಿಕೊಂಡೇ ಅವರ ಮನೆ. ಅಕ್ಕಸಾಲಿ ಕೆಲಸದವರು. ಊರಿಗೆಲ್ಲ ಅವರು ಆಚಾರ್ರು, ಅವರ ಹೆಂಡತಿ ಆಚಾರ್ತಿ. ಮಕ್ಕಳಿರಲಿಲ್ಲ. "ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ" ಎಂದು ಅಮ್ಮ ಚುಚ್ಚಿದರೆ, "ನನಗೆ ಅಕ್ಕನೇ ಇಲ್ಲ ಮಾರಾಯ್ರೆ, ಇದ್ದಿದ್ದರೆ ಇಷ್ಟು ಹೊತ್ತಿಗೆ ಮಾಳಿಗೆ ಮನೆ ಕಟ್ಟಿಸ್ತಿದ್ದೆ" ಎಂದು ನಗುತ್ತಿದ್ದರು.

ದೈವಗಳ ಮೊಗಕ್ಕೆ, ಅಂದರೆ ಭೂತಕೋಲದಲ್ಲಿ ಪಾತ್ರಿ ಮುಖಕ್ಕೆ ಕಟ್ಟುವ ಬೆಳ್ಳಿಯ ಮುಖವಾಡಕ್ಕೆ, ಚಿನ್ನದ ಲೇಪ ಹಾಕುವುದರಲ್ಲಿ ಅವರದು ಎತ್ತಿದ ಕೈ. ಚಿನ್ನವನ್ನು ಪಾದರಸದಲ್ಲಿ ಅರೆದು ಬೆಣ್ಣೆಯ ಹಾಗೆ ಮಾಡಿ, ಮೊಗಕ್ಕೆ ಹಚ್ಚಿ, ಕೆಂಡದ ಮೇಲೆ ಹಿಡಿಯಬೇಕು. ಪಾದರಸ ಹೊಗೆಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ದೈವದ ಕೆಲಸವಾದ್ದರಿಂದ ಮುಗಿಯುವವರೆಗೆ ಮೊಗ ಪರರ ಕಣ್ಣಿಗೆ ಬೀಳಬಾರದು. ಬಾಗಿಲು ಕಿಟಕಿಗಳೆಲ್ಲ ಭದ್ರ. ಒಪ್ಪೊತ್ತಿನ ವ್ರತ ಬೇರೆ. ಒಳಗೆ ಅವರು, ಜೊತೆಗೆ ಊದುಗೊಳವೆ ಹಿಡಿದು ಕೆಂಡ ಊದುವ ಆಚಾರ್ತಿ. ಬೇರೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ.

ನಾವು ಹೋಗಿ ವರ್ಷ ಕಳೆಯುವಷ್ಟರಲ್ಲಿ ಅವರ ಕೈ ನಡುಗಲು ಶುರುವಾಯಿತು. ಮೊದಲು ಬೆರಳು, ಆಮೇಲೆ ಮೊಣಕೈವರೆಗೆ. ಬೇರೆ ಊರಾಗಿದ್ದರೆ ಕಾಯಿಲೆ ಎನ್ನುತ್ತಿದ್ದರೋ ಏನೋ. ನಮ್ಮಲ್ಲಿ ದೈವದ ಪಾತ್ರಿಗೆ ದರ್ಶನ ಬರುವುದೇ, ಅಂದರೆ ದೈವ ಮೈಮೇಲೆ ಬರುವುದೇ, ನಡುಕದಿಂದ. ದೈವದ ಮುಖ ಮುಟ್ಟಿದವನ ಕೈಗೆ ದೈವವೇ ಬಂತು ಎಂದು ಮಾತು ಹಬ್ಬಿತು. ದಾರಿಯಲ್ಲಿ ಸಿಕ್ಕವರು ಕೈಮುಗಿದರು. ವಾಮದಪದವಿನ ಕಡೆಯ, ದೈವದ ಕೋಲ ನಡೆಸುವ ಗುತ್ತುಮನೆಯ ಯಜಮಾನರು, ಯಾರಿಗೂ ಏಳದವರು, ಇವರನ್ನು ಕಂಡು ಎದ್ದು ನಿಂತರಂತೆ. ಆಚಾರ್ರಿಗೂ ಒಳಗೊಳಗೇ ಹೆಮ್ಮೆಯಿತ್ತು. ಪಾಪ, ಅಕ್ಕಸಾಲಿಗೆ ಅಷ್ಟು ಮರ್ಯಾದೆ ಯಾರು ಕೊಡುತ್ತಿದ್ದರು?

ಆದರೆ ವಸಡಿನಲ್ಲಿ ರಕ್ತ, ರಾತ್ರಿ ನಿದ್ದೆ ಇಲ್ಲ, ಸುಮ್ಮಸುಮ್ಮನೆ ಸಿಟ್ಟು. ಬಾಯಲ್ಲಿ ಸದಾ ತಾಮ್ರದ ಕಾಸು ಇಟ್ಟುಕೊಂಡ ಹಾಗೆ ಆಗುತ್ತದೆ ಎನ್ನುತ್ತಿದ್ದರು. ಆಚಾರ್ತಿ ಹಟ ಹಿಡಿದು ಬಂಟ್ವಾಳದ ಡಾಕ್ಟರಲ್ಲಿಗೆ ಹೊರಡಿಸಿದರು. ಆ ಡಾಕ್ಟರು ಘಟ್ಟದ ಮೇಲಿನವರು, ತುಳು ಬಾರದು. ಆಚಾರ್ರ ತುಳುವನ್ನು ಕನ್ನಡ ಮಾಡಲು ನನ್ನನ್ನೂ ಕರೆದುಕೊಂಡು ಹೋದರು. ಡಾಕ್ಟರು ನಾಲಿಗೆ, ಕೈ ನೋಡಿ ಕೆಲಸ ಏನೆಂದು ಕೇಳಿದರು. "ಇದು ಪಾದರಸದ ಹೊಗೆ ಮಾಡಿದ್ದು. ಆ ಒಲೆ ಬಿಡಲಿ" ಎಂದರು. ನಾನು ಅದನ್ನೇ ಅಕ್ಷರಶಃ ತುಳುವಿನಲ್ಲಿ ಹೇಳಿದೆ. ಬಸ್ಸಿನಲ್ಲಿ ಬರುವಾಗ ಆಚಾರ್ರು ನಕ್ಕರು.

"ಘಟ್ಟದವರಿಗೆ ನಮ್ಮ ದೈವದ ವಿಷಯ ಏನು ಗೊತ್ತುಂಟು ಟೀಚರೇ?"

ದೈವ ಒಲಿದವನೋ, ಹೊಗೆ ಕುಡಿದು ಕೆಟ್ಟವನೋ, ಎರಡರಲ್ಲಿ ಒಂದನ್ನು ಆರಿಸಿಕೋ ಎಂದರೆ ಯಾರು ತಾನೇ ಎರಡನೆಯದನ್ನು ಆರಿಸಿಕೊಂಡಾರು...

ಆ ವರ್ಷದ ಬೇಸಗೆಯಲ್ಲಿ ಆಚಾರ್ತಿ ಗಂಜಿ ಬಡಿಸುವಾಗ ಸೌಟು ಮಡಕೆಯ ಬಾಯಿಗೆ ಟಕಟಕ ಬಡಿಯತೊಡಗಿತು. ಗೋಡೆಯ ಈಚೆ ನಮಗೂ ಕೇಳುತ್ತಿತ್ತು. ಆದರೆ ಅವರಿಗೆ ಯಾರೂ ಕೈಮುಗಿಯಲಿಲ್ಲ. ಹೆಂಗಸಿನ ಮೈಗೆ ದೈವ ಎಲ್ಲಿಂದ ಬರಬೇಕು? ಸೋಂಕು ಎಂದರು, ಪ್ರೇತ ಎಂದರು, ಕೈಗೆ ಕಪ್ಪು ದಾರ ಕಟ್ಟಿದರು. ನೀರು ಸೇದಲು ಬಾವಿಗೆ ಹೋದರೆ ಉಳಿದವರು ಸರಿದು ನಿಲ್ಲುತ್ತಿದ್ದರು. ಆ ಬಾವಿಕಟ್ಟೆಯಲ್ಲಿ ನನಗೆ ಹುಟ್ಟಿದ ಸಿಟ್ಟು ಇನ್ನೂ ಆರಿಲ್ಲ.

ಒಂದು ಸಂಜೆ ಆಚಾರ್ರು ನಮ್ಮ ಜಗಲಿಯಲ್ಲಿ ಬಂದು ಕೂತರು.

"ಒಂದೇ ಕೋಣೆ, ಒಂದೇ ಒಲೆ. ನನಗೆ ಬಂದದ್ದು ದೈವ, ಅವಳಿಗೆ ಬಂದದ್ದು ಪ್ರೇತವಾ ಟೀಚರೇ? ನಿಮ್ಮ ಡಾಕ್ಟ್ರು ಹೇಳಿದ್ದೇ ಸತ್ಯ."

ಮರುದಿನ ಒಲೆಯನ್ನು ಒಡೆದು ಹಾಕಿದರು. ಗುತ್ತಿನ ಯಜಮಾನರು ಓಡಿ ಬಂದರು. ಕೋಲದ ದಿನ ಹತ್ತಿರ, ಮೊಗಕ್ಕೆ ಲೇಪ ಆಗಿರಲಿಲ್ಲ. ಗದರಿಸಿದರು, ಆಮೇಲೆ ಬೇಡಿಕೊಂಡರು. ಆಚಾರ್ರು ಬಗ್ಗಲಿಲ್ಲ. ಕೊನೆಗೆ ಮೊಗ ಬೆಳ್ತಂಗಡಿಯ ಇನ್ನೊಬ್ಬ ಅಕ್ಕಸಾಲಿಗೆ ಹೋಯಿತು. ಪ್ರಾಯದವನು, ಆಗಷ್ಟೇ ಮದುವೆಯಾದವನು. ಅದು ಕಿವಿಗೆ ಬಿದ್ದ ಮೇಲೆ ಆಚಾರ್ರಿಗೆ ಅನ್ನ ಸೇರಲಿಲ್ಲ.

"ಹೋಗಿ ಒಂದು ಮಾತು ಹೇಳಿ ಬರ್ತೇನೆ. ಅವನ ಹೆಂಡತಿಯೂ ಊದಲಿಕ್ಕೆ ಕೂರುವವಳೇ ಅಲ್ಲವಾ" ಎಂದು ಬೆಳಗಿನ ಬಸ್ಸು ಹತ್ತಿದರು. ಅಂಗಿಯ ಗುಂಡಿ ಹಾಕಿಕೊಳ್ಳಲೂ ಕೈ ಬಾರದ ಮನುಷ್ಯ. ಆಚಾರ್ತಿಯ ಕೈಗೂ ಆಗದೆ ನಾನೇ ಹಾಕಿಕೊಟ್ಟೆ.

ಅವರು ವಾಪಸು ಬಂದದ್ದು ಬಾಡಿದ ಮುಖದಲ್ಲಿ. ಆಚಾರ್ತಿಯೂ ನಾನೂ ಬಾಗಿಲಲ್ಲೇ ಕಾಯುತ್ತಿದ್ದೆವು.

"ಹೇಳಿದಿರಾ?" ಎಂದೆ.

"ಹೇಳಿದೆ. ಬಾಗಿಲು ತೆರೆದಿಡು, ಹೆಂಡತಿಯನ್ನು ಒಲೆಯ ಹತ್ತಿರ ಕೂರಿಸಬೇಡ ಅಂತ ಹೇಳಿದೆ. ನಂಬಲಿ ಅಂತ ಈ ಕೈ ತೋರಿಸಿದೆ..."

"ಮತ್ತೆ?"

"ಗಂಡ ಹೆಂಡತಿ ಇಬ್ಬರೂ ಕಾಲಿಗೆ ಬಿದ್ದರು. ನಮ್ಮ ಕೈಗೂ ದೈವ ಬರುವ ಹಾಗೆ ಆಶೀರ್ವಾದ ಮಾಡಿ ಅಂದರು."

ಆಚಾರ್ತಿ ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆಚಾರ್ರು ಅಳಲಿಲ್ಲ. ಮಂಡಿಗಳ ನಡುವೆ ಎರಡೂ ಕೈಗಳನ್ನು ಒತ್ತಿ ಹಿಡಿದುಕೊಂಡು ಕೂತಿದ್ದರು.

ಆಚಾರ್ತಿ ಹೆಚ್ಚು ಕಾಲ ಬಾಳಲಿಲ್ಲ. ಅವರ ಹಿಂದೆಯೇ ಆಚಾರ್ರೂ ಹೋದರು. ದೈವ ತನ್ನವನನ್ನು ಕರೆಸಿಕೊಂಡಿತು ಎಂದು ಊರು ಹೇಳಿತು. ಅಲ್ಲ, ಅಲ್ಲ ಎಂದು ನಾನು ಕೆಲವು ವರ್ಷ ವಾದಿಸಿದೆ. ಆಮೇಲೆ ನನಗೂ ದಣಿವಾಯಿತು. ಈಗ ಮೂಡಬಿದ್ರೆಯಲ್ಲಿ ಅವರನ್ನು ಬಲ್ಲವರು ನಾನಲ್ಲದೆ ಯಾರೂ ಉಳಿದಿಲ್ಲ. ನಗಿಸುತ್ತಿದ್ದ ನೆರೆಯವರನ್ನು ಕಳೆದುಕೊಂಡ ಸಂಕಟ ಇಷ್ಟು ವರ್ಷವಾದರೂ ಹಾಗೆಯೇ ಇದೆ.

ಅದಕ್ಕಿಂತ ಹೆಚ್ಚಾಗಿ ಕಾಡುವವಳು ನಾನು ಕಣ್ಣಿಂದ ಕಾಣದ ಆ ಬೆಳ್ತಂಗಡಿಯ ಮದುಮಗಳು. ಅವಳ ಕೈಯೂ ನಡುಗಿತೋ, ಅವಳಿಗೂ ಯಾರಾದರೂ ಕಪ್ಪು ದಾರ ಕಟ್ಟಿದರೋ... ಅವಳ ಹೆಸರೂ ನನಗೆ ಗೊತ್ತಿಲ್ಲ.