ರಾಗಿ ಗುಡಾಣದಲ್ಲಿದ್ದ ಮೇಣದ ಬಿಲ್ಲೆ

ಕೊಳ್ಳೇಗಾಲದ ಮೆಡಿಕಲ್ ಶಾಪೊಂದರಲ್ಲಿ ಐದು ವರ್ಷದಿಂದ ಮಾತ್ರೆ ಕತ್ತರಿಸಿ ಕೊಡುತ್ತಿದ್ದೇನೆ. ನಮ್ಮೂರು ಲೊಕ್ಕನಹಳ್ಳಿಯವರಿಗೆ ಅಷ್ಟು ಸಾಕು, ನನ್ನನ್ನು 'ಡಾಕ್ಟ್ರು' ಅನ್ನುತ್ತಾರೆ. ನಾನೂ ತಿದ್ದಲು ಹೋಗಿಲ್ಲ.

ಅಮ್ಮನ ಅಕ್ಕ ಚಿಕ್ಕಬಸಮ್ಮ ಮಾತ್ರ ಆ ಹೆಸರನ್ನು ಬೇರೆಯೇ ರಾಗದಲ್ಲಿ ಕರೆಯುತ್ತಾಳೆ. ಕೂಲಿ ಮಾಡಿ ಬದುಕಿದವಳು. ಬೀದಿಯಲ್ಲಿ ಯಾರಿಗೆ ಅವರೆ, ಅಲಸಂದೆಯ ಬಿತ್ತನೆ ಬೀಜ ಬೇಕಾದರೂ ಅವಳ ಮನೆಗೇ ಬರಬೇಕು. ಬೂದಿಯಲ್ಲಿ ಹೊರಳಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ, ರಾಗಿ ಗುಡಾಣದೊಳಗೆ ಹೂತಿಟ್ಟಿರುತ್ತಾಳೆ. ಎಸೆಯುವುದು ಅವಳಿಗೆ ಬರುವುದಿಲ್ಲ.

ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ಅವಳ ಒಂದು ಕಿಡ್ನಿಯನ್ನು ಕ್ಯಾನ್ಸರ್ ಗಡ್ಡೆಯ ಸಮೇತ ತೆಗೆದರು. ಪರೀಕ್ಷೆಗೆಂದು ಗಡ್ಡೆಯ ಚೂರು ಕೂರಿಸಿದ್ದ ಮೇಣದ ಬಿಲ್ಲೆಯೊಂದನ್ನು ಕೈಗೆ ಕೊಟ್ಟು ಕಳಿಸಿದರು.

"ರಿಪೋರ್ಟ್ ಬಂತಲ್ಲ ದೊಡ್ಡವ್ವ, ಇದು ಬರೀ ಮೇಣ. ಬಿಸಾಕು" ಅಂದಿದ್ದೆ, ಡಾಕ್ಟರ ಗತ್ತಿನಲ್ಲಿ.

ಈ ವರ್ಷ ಅವಳ ಶ್ವಾಸಕೋಶದಲ್ಲಿ ಚುಕ್ಕೆಗಳು ಕಂಡವು. ಮೈಸೂರಿನ ನಿಜವಾದ ಡಾಕ್ಟರಮ್ಮ ನನ್ನನ್ನು ಕರೆದು, "ದೇಹದ ರಕ್ಷಣಾ ಕಣಗಳನ್ನು ಎಬ್ಬಿಸೋ ಇಂಜೆಕ್ಷನ್ ಇದೆ. ಇವರಿಗೆ ಹತ್ತುತ್ತಾ ಅಂತ ಹಳೇ ಗಡ್ಡೆ ನೋಡಿದರೆ ಸುಳಿವು ಸಿಗಬಹುದು. ಆಗ ಕೊಟ್ಟ ಮೇಣದ ಬ್ಲಾಕ್ ತನ್ನಿ" ಅಂದರು.

ಹನೂರಿನ ಬಸ್ಸು ಹಿಡಿದು ಊರಿಗೆ ಬಂದು ಬಿಲ್ಲೆ ಎಲ್ಲಿ ಅಂತ ಕೇಳಿದೆ.

"ನೀನೇ ಬಿಸಾಕು ಅಂದ್ಯಲ್ಲ ಡಾಕ್ಟ್ರೇ?" ಎಂದ ದೊಡ್ಡವ್ವ ನನ್ನ ಮುಖ ನೋಡಿ ನಕ್ಕುಬಿಟ್ಟಳು. "ಅಳ್ಬ್ಯಾಡ ಕಣ್ಲಾ. ನನ್ ಮೈಯಿಂದ ಬಂದದ್ದ ತಿಪ್ಗೆ ಎಸ್ಯಕ್ಕಾದದಾ?" ಗುಡಾಣಕ್ಕೆ ಮೊಣಕೈವರೆಗೂ ಕೈ ಇಳಿಸಿ ಗಂಟೊಂದನ್ನು ಎಳೆದಳು. ಅವರೆ ಬೀಜದ ಪಕ್ಕದಲ್ಲೇ ಮಲಗಿತ್ತಂತೆ ಬಿಲ್ಲೆ. ಬಿಸಿಲು, ತೇವ ಎರಡೂ ತಾಕಿರಲಿಲ್ಲ.

ವಾರದ ನಂತರ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಗಡ್ಡೆಯೊಳಗೇ ರಕ್ಷಣಾ ಕಣಗಳು ಅಲ್ಲಲ್ಲಿ ಗುಂಪು ಕಟ್ಟಿಕೊಂಡು ಠಾಣೆ ಹೂಡಿವೆ. ಅಂಥವರಿಗೆ ಇಂಜೆಕ್ಷನ್ ಹತ್ತೋ ಸಂಭವ ಹೆಚ್ಚು. ಖಾತ್ರಿ ಅಂತ ಹೇಳಲ್ಲ."

ದೊಡ್ಡವ್ವನಿಗೆ ಬಿಡಿಸಿ ಹೇಳೋಣವೆಂದು ನಾನು ಗಂಟಲು ಸರಿಮಾಡಿಕೊಂಡೆ. ಅವಳು ಕಾಯಲಿಲ್ಲ.

"ಕಾಡಂದಿ ನುಗ್ಗಿದ್ ಒಲ್ದೊಳ್ಗೇ ಕಾವ್ಲೋರು ಅಟ್ಟಣೆ ಆಕ್ಕಂಡವ್ರೆ, ಆದ್ರೆ ತೂಕಡಿಸ್ತಾವ್ರೆ. ಅಂಗಲ್ವಾ ತಾಯಿ?"

"ಹಾಗೇನೇ ಅಮ್ಮ."

"ಎಬ್ಬಿಸಿ ಮತ್ತೆ."

ನಾಲ್ಕು ಇಂಜೆಕ್ಷನ್ ಆದಮೇಲೆ ಸ್ಕ್ಯಾನಿನಲ್ಲಿ ಚುಕ್ಕೆಗಳು ಅರ್ಧಕ್ಕರ್ಧ ಕುಗ್ಗಿದ್ದವು. ಈಗಲೂ ಮೂರು ವಾರಕ್ಕೊಮ್ಮೆ ಮೈಸೂರಿಗೆ ಹೋಗುತ್ತೇವೆ. ಕಿಟಕಿ ಸೀಟು ಅವಳದು, ಚೀಲ ನನ್ನದು.

ಮೊನ್ನೆ ಆಸ್ಪತ್ರೆಯವರು ಬಿಲ್ಲೆ ವಾಪಸು ಕೊಟ್ಟರು. ಮನೆಗೆ ಬಂದು ಅದನ್ನು ಅಂಗೈಲಿಟ್ಟುಕೊಂಡು ಕೇಳಿದಳು: "ಏನ್ ಡಾಕ್ಟ್ರೇ, ಈಗ ಬಿಸಾಕ್ಲಾ?"

ನಾನು ಗುಡಾಣದ ಮುಚ್ಚಳ ತೆಗೆದು ಹಿಡಿದೆ.